ಬುಧವಾರದ ಬಿಳಿ ರಸ್ಸಾ

ಗಂಡನಿಗೆ ಲಕ್ವ ಹೊಡೆದ ದಿನ ಶಾಲನ್ ಅತ್ತಿದ್ದಳು, ಹೌದು. ಆದರೆ ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಂದಲ್ಲ. ಅದು ಬಿದ್ದದ್ದು ನಾಲ್ಕು ತಿಂಗಳು ಕಳೆದ ಮೇಲೆ, ಅವನು ಬೇರೊಬ್ಬ ಹೆಂಗಸಿನ ಮುಖ ನೋಡಿ ‘ಕೂಡ್ರಿ’ ಅಂದಾಗ.

ಒಂದು ‘ಕೂಡ್ರಿ’ಗೆ ಇಷ್ಟೊಂದು ರಾದ್ಧಾಂತವೇ ಅಂತ ಯಾರಾದರೂ ಕೇಳಬಹುದು. ಕೇಳುವವರು ರಂಗರಾವ್ ಚೌಗುಲೆಯ ಮನೆಯಲ್ಲಿ ಒಂದು ದಿನ ಇದ್ದು ನೋಡಬೇಕಿತ್ತು. ಕೊಲ್ಲಾಪುರದ ಸುತ್ತಮುತ್ತ ಎಲ್ಲಿ ಕುಸ್ತಿ ನಡೆದರೂ ಮೈಕು ಅವನ ಕೈಯಲ್ಲೇ. ಹಲಗಿ ಬಾರಿಸುವವರು ಬೆವರು ಒರೆಸಿಕೊಳ್ಳಲು ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಯಾವ ಪೈಲ್ವಾನ ಯಾವ ತಾಲೀಮಿನವನು, ಅವನ ಅಜ್ಜ ಯಾರನ್ನು ಚಿತ್ ಮಾಡಿದ್ದ, ಈಗ ಹಾಕಿದ ಪಟ್ಟಿನ ಹೆಸರೇನು, ಎಲ್ಲ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅಂಥ ನಾಲಿಗೆ, ಒಂದು ಬೆಳಿಗ್ಗೆ ಅವನು ಬಚ್ಚಲಲ್ಲಿ ಬಿದ್ದು ಎದ್ದ ಮೇಲೆ, ಒಂದೇ ಒಂದು ಶಬ್ದಕ್ಕೆ ಅಂಟಿಕೊಂಡುಬಿಟ್ಟಿತು. ‘ಭಲೇ.’ ಗೆದ್ದ ಪೈಲ್ವಾನನಿಗೆ ಅವನು ಹಾಕುತ್ತಿದ್ದ ಶಾಭಾಸ್‌ಗಿರಿ ಅದು. ಈಗ ಹಸಿವಾದರೂ ಭಲೇ, ನೋವಾದರೂ ಭಲೇ, ಸೊಳ್ಳೆ ಕಚ್ಚಿದರೂ ಭಲೇ. ಬೇರೆ ಮಾತು ತಲೆಯಲ್ಲಿ ತುಂಬಿಕೊಂಡಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಬಲಗೈಯೂ ಸೋತಿತ್ತು. ಗಂಟಲು ನುಂಗುವುದನ್ನು ಅರ್ಧ ಮರೆತೇಬಿಟ್ಟಿತ್ತು.

ಅವನ ಭಲೇಯನ್ನು ಜನರಿಗೆ ತಿಳಿಯುವ ಮಾತಾಗಿ ಮಾಡುತ್ತಿದ್ದವಳು ಶಾಲನ್. ಯಾರಾದರೂ ನೋಡಲು ಬಂದು ಹೇಗಿದ್ದೀರಿ ಅಂತ ಕೇಳಿದರೆ, ಅವನು ಬಾಯಿ ತೆರೆಯುವ ಮೊದಲೇ ಇವಳು ಉತ್ತರ ಕೊಟ್ಟಾಗಿರುತ್ತಿತ್ತು. ಅವನು ಕೈ ಎತ್ತಿದರೆ ನೀರು ಬೇಕಂತೆ, ಕತ್ತು ತಿರುಗಿಸಿದರೆ ಫ್ಯಾನು ಹಾಕಬೇಕಂತೆ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಇಷ್ಟೂ ಗೊತ್ತಾಗದಿದ್ದರೆ ಹೇಗೆ? ಓಣಿಯವರೆಲ್ಲ ಹೊಗಳುತ್ತಿದ್ದರು, ಹೆಂಡತಿ ಅಂದರೆ ಹೀಗಿರಬೇಕು ಅಂತ. ಆದರೆ ಒಳಗೊಳಗೇ ಅವಳು ಒಂದಕ್ಕಾಗಿ ಬಾಯಿ ಬಾಯಿ ಬಿಡುತ್ತಿದ್ದಳು. ಭಲೇ ಅಲ್ಲದ ಒಂದು ಮಾತು, ತಾನು ಅವನ ಬಾಯಿಗೆ ಇಟ್ಟದ್ದಲ್ಲದ ಒಂದು ಮಾತು, ಅದೂ ತನಗೆ, ತನಗೆಂದೇ ಆಡಿದ್ದು. ಅಷ್ಟು ಸಿಕ್ಕರೆ ಸಾಕಿತ್ತು ಅವಳಿಗೆ.

ಮಾತು ಕಲಿಸುವ ಹುಡುಗಿಯ ಹೆಸರು ಮುಗ್ಧಾ. ರಂಕಾಳಾ ಕೆರೆಯ ಹಿಂದಿನ ರಸ್ತೆಯಲ್ಲಿ ಅವಳ ಕ್ಲಿನಿಕ್ಕು. ವಯಸ್ಸಿನಲ್ಲಿ ಶಾಲನ್‌ಳ ಮಗಳಿಗಿಂತ ಚಿಕ್ಕವಳು, ಆದರೆ ಹಟದಲ್ಲಿ ಅತ್ತೆಯಂಥವಳು. ಮೊದಲ ದಿನವೇ ರಂಗರಾವ್‌ಗೆ ಒಂದು ಚಮಚ ನೀರು ಕುಡಿಸಿ, ಅವನ ಗಂಟಲ ಮೇಲೆ ಬೆರಳಿಟ್ಟು, ತಲೆ ಅಲ್ಲಾಡಿಸಿದಳು. ಅಂದಿನಿಂದ ಅವನಿಗೆ ನೀರು, ಚಹಾ, ಮಜ್ಜಿಗೆ, ಏನು ಕೊಟ್ಟರೂ ಒಂದು ಪುಡಿ ಕಲಸಿ ಜೇನಿನಷ್ಟು ದಪ್ಪ ಮಾಡಿಯೇ ಕೊಡಬೇಕು. ನೆಟ್ಟಗೆ ಕೂರಿಸಬೇಕು. ಗದ್ದ ಎದೆಗೆ ತಾಗಿಸಿ ನುಂಗಿಸಬೇಕು, ಒಂದು ಗುಟುಕಿಗೆ ಎರಡು ಸಲ.

“ಕಾಕು, ತೆಳ್ಳನ್ನದ್ದು ಭಾಳ ಚಾಲಾಕ್ ಇರತೈತಿ,” ಅಂತ ಮುಗ್ಧಾ ತಿಳಿಸಿ ಹೇಳಿದ್ದಳು. “ಗಂಟಲಕ್ಕ ಎಚ್ಚರ ಆಗೋದ್ರೊಳಗ ಉಸುರಿನ ಕೊಳವಿಗೆ ಇಳದ ಬಿಡ್ತೈತಿ. ದಪ್ಪ ಇದ್ದರ ಸಾವಕಾಶ ಹೋಗ್ತೈತಿ. ಒಳಗಿನ ಬಾಗಲಾ ಮುಚ್ಚಾಕ ಅದಕ್ಕ ವ್ಯಾಳ್ಯಾ ಸಿಗತೈತಿ.”

ಶಾಲನ್ ಹೂಂ ಅಂದಳು, ನೀರಿಗೂ ಚಹಾಕ್ಕೂ ಪುಡಿ ಕಲಸಿದಳು. ಆದರೆ ರಸ್ಸಾದ ಮಾತು ಬಂದಾಗ ಮುಖ ಗಂಟು ಹಾಕಿಕೊಂಡಳು. ಶಿವಾಜಿ ಪೇಟೆಯಲ್ಲಿ ಅವಳ ಖಾನಾವಳಿ ಹೆಸರು ಮಾಡಿದ್ದೇ ಬಿಳಿ ರಸ್ಸಾದಿಂದ. ಮಟನ್ನಿನ ಸಾರು, ತೆಂಗಿನ ಹಾಲು, ಗಸಗಸೆ, ಎಲ್ಲ ಇದ್ದೂ ಬಟ್ಟಲು ಬಗ್ಗಿಸಿದರೆ ನೀರಿನ ಹಾಗೆ ಹರಿಯಬೇಕು. ಹಿಟ್ಟು ಕಲಸಿ ರಸ್ಸಾ ದಪ್ಪ ಮಾಡುವವರು ಹೆದ್ದಾರಿಯ ಧಾಬಾದವರು, ಮಾನ ಮರ್ಯಾದೆ ಇಲ್ಲದವರು. ದೇವರ ನೈವೇದ್ಯ ಎತ್ತಿಡುವವರೆಗೆ ನಾಲಿಗೆಗೆ ಹಚ್ಚಬಾರದು ಅಂತ ತವರಿನಲ್ಲಿ ಕಲಿತಿದ್ದ ಅವಳು ಮುಂದೆ ರುಚಿ ನೋಡುವುದನ್ನೇ ಬಿಟ್ಟಿದ್ದಳು. ಕೈಯಳತೆಯೇ ಸಾಕು ಅನ್ನುವ ಜಂಬ. ಉಂಡವರು ಯಾರೂ ಇಲ್ಲಿಯವರೆಗೆ ಒಂದು ಕೊರತೆ ಹೇಳಿರಲಿಲ್ಲ. ರಂಗರಾವ್ ಅಂತೂ ಮೊದಲ ಬಟ್ಟಲು ಮುಗಿಸಿ ಮೀಸೆ ಒರೆಸಿಕೊಂಡು ‘ಭಲೇ’ ಅನ್ನದ ದಿನವಿರಲಿಲ್ಲ. ಅಂಥ ರಸ್ಸಾಕ್ಕೆ ಪುಡಿ ಹಾಕುವುದಕ್ಕಿಂತ ಮಾಡದೇ ಇರುವುದು ಲೇಸು ಅಂತ ಅವಳು ಅವನಿಗೆ ಅದನ್ನು ಕೊಡುವುದನ್ನೇ ನಿಲ್ಲಿಸಿದಳು.

ಮುಗ್ಧಾ ಹೇಳಿದ ಇನ್ನೊಂದು ಕಟ್ಟಳೆ ಇತ್ತು, ಅದು ಶಾಲನ್‌ಗೆ ಪುಡಿಗಿಂತ ಕಹಿಯಾಗಿತ್ತು. ಅವನನ್ನು ಏನಾದರೂ ಕೇಳಿದ ಮೇಲೆ ಸುಮ್ಮನಿರಬೇಕು. ಒಂದು ಉಸಿರು ಬಿಟ್ಟು ಇನ್ನೊಂದು ತಗೊಂಡರೂ ಸುಮ್ಮನಿರಬೇಕು. ಅವನ ಮಾತನ್ನು ತಾನು ಮುಗಿಸಬಾರದು. ಶಾಲನ್‌ಗೆ ನಗು ಬಂತು. ಅನ್ನ ಬೇಕೋ ಭಾಕ್ರಿ ಬೇಕೋ ಅಂತ ಕೇಳಿ ಬಾಯಿಗೆ ಬೀಗ ಹಾಕಿ ಕೂತರೆ ಊಟ ಆರಿ ತಣ್ಣಗಾಗುವುದಿಲ್ಲವೇ? ಅವನಿಗೆ ಭಾಕ್ರಿಯೇ ಬೇಕು ಅಂತ ಇಡೀ ಪೇಟೆಗೇ ಗೊತ್ತು.

ಬುಧವಾರ ಬುಧವಾರ ಕ್ಲಿನಿಕ್ಕಿನಲ್ಲಿ ಮಾತು ಕಳಕೊಂಡವರ ಗುಂಪು ಸೇರುತ್ತಿತ್ತು. ನಾಲ್ಕೈದು ಜನ, ಜೊತೆಗೆ ಅವರವರ ಮನೆಯವರು. ಮೂರನೆಯ ಬುಧವಾರ ಹೊಸಬಳೊಬ್ಬಳು ಬಂದಳು, ಲೀಲಾ ಸರನೋಬತ್. ಪೋಸ್ಟಾಫೀಸಿನಲ್ಲಿ ಕಿಟಕಿಯ ಹಿಂದೆ ಕೂತು ನಿವೃತ್ತಳಾದವಳು, ಗಂಡ ತೀರಿಕೊಂಡು ಬಹಳ ವರ್ಷವಾದವಳು. ಅವಳಿಗೂ ಲಕ್ವ ಹೊಡೆದು ಬಲಗೈ ಸೋತಿತ್ತು, ಮಾತು ಹೊರಟರೆ ಒಂದು, ಹೆಚ್ಚೆಂದರೆ ಎರಡು. ಸೊಸೆ ಅವಳನ್ನು ಸ್ಕೂಟರಿನಿಂದ ಇಳಿಸಿ, ಬಾಗಿಲಲ್ಲಿ ಬಿಟ್ಟು, ಫೋನು ಕಿವಿಗೆ ಹಚ್ಚಿಕೊಂಡು ಹೊರಗೇ ನಿಂತಳು. ಲೀಲಾಬಾಯಿ ಗೋಡೆ ಹಿಡಿದು ಒಳಗೆ ಬಂದು ಎಲ್ಲಿ ಕೂಡಬೇಕೆಂದು ನೋಡುತ್ತಿದ್ದಾಗ ರಂಗರಾವ್ ತನ್ನ ಪಕ್ಕದ ಕುರ್ಚಿಯ ಮೇಲೆ ಎಡಗೈ ಇಟ್ಟ. ಬಾಯಿ ಒಂದು ಕಡೆ ಎಳೆಯಿತು, ಕತ್ತಿನ ನರ ಉಬ್ಬಿತು. ಶಾಲನ್ ಗೋಡೆಯ ಹತ್ತಿರದ ಬೆಂಚಿನಲ್ಲಿ ನೀರಿಗೆ ಪುಡಿ ಕಲಸುತ್ತಿದ್ದಳು.

“ಕೂ… ಕೂಡ್ರಿ,” ಅಂದ ರಂಗರಾವ್.

ಮುಗ್ಧಾ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ಶಾಲನ್‌ಳ ಕೈಯಲ್ಲಿದ್ದ ಚಮಚ ಲೋಟದಲ್ಲಿ ತಾನಾಗಿ ತಿರುಗುತ್ತಲೇ ಇತ್ತು. ನಾಲ್ಕು ತಿಂಗಳು ಹೇಲು ಉಚ್ಚೆ ಬಳಿದವಳು ಯಾರು, ತುತ್ತು ಮಾಡಿ ಉಣಿಸಿದವಳು ಯಾರು, ಈ ಮಾತು ಹೋಗಿ ಬಿದ್ದದ್ದು ಯಾರ ಮಡಿಲಿಗೆ? ಅವಳೂ ಚಪ್ಪಾಳೆ ತಟ್ಟಿದಳು, ತಟ್ಟದೆ ಏನು ಮಾಡುತ್ತಾಳೆ, ಎಲ್ಲರೂ ನೋಡುತ್ತಿದ್ದರು. ಆದರೆ ಮನೆಗೆ ಬರುವ ರಿಕ್ಷಾದಲ್ಲಿ ಅವಳು ಅವನ ಕಡೆ ಒಮ್ಮೆಯೂ ತಿರುಗಲಿಲ್ಲ.

ಅಲ್ಲಿಂದ ಮುಂದೆ ಬುಧವಾರ ಅನ್ನುವುದು ಆ ಮನೆಯಲ್ಲಿ ಹಬ್ಬವಾಯಿತು, ಒಬ್ಬರಿಗೆ ಮಾತ್ರ. ರಂಗರಾವ್ ಬೆಳಗಾದರೆ ಕಪಾಟಿನ ಕಡೆ ಕೈ ತೋರಿಸುವನು, ಇಸ್ತ್ರಿ ಮಾಡಿದ ಅಂಗಿಯೇ ಆಗಬೇಕು. ಎಡಗೈಯಲ್ಲಿ ಮೀಸೆಗೆ ಎಣ್ಣೆ ಹಚ್ಚಿಕೊಳ್ಳುವನು. ಕ್ಲಿನಿಕ್ಕಿನಲ್ಲಿ ಅವನೂ ಲೀಲಾಬಾಯಿಯೂ ಅಕ್ಕಪಕ್ಕ ಕೂತು, ಒಬ್ಬರು ಅರ್ಧ ಶಬ್ದ ಅಂದರೆ ಇನ್ನೊಬ್ಬರು ಕಣ್ಣು ಅಗಲಿಸಿ ಕಾಯುವುದು, ಅದು ಬಂದರೆ ನಗುವುದು, ಬರದಿದ್ದರೂ ನಗುವುದು. ಚಿಕ್ಕ ಮಕ್ಕಳು ಸ್ಲೇಟು ಹಂಚಿಕೊಂಡ ಹಾಗೆ. ಅವನ ಬಾಯಿಂದ ಚಹಾ ಬಂತು, ಬಿಸಿಲು ಬಂತು, ನಾಳೆ ಬಂತು. ಮನೆಗೆ ಬಂದರೆ ಮತ್ತೆ ಅದೇ ಭಲೇ. ಅದನ್ನೂ ಶಾಲನ್ ಪೂರ್ತಿ ಆಡಲು ಬಿಡುತ್ತಿರಲಿಲ್ಲ, ‘ಗೊತ್ತಾತು ಗೊತ್ತಾತು’ ಅನ್ನುತ್ತಾ ಓಡಿಹೋಗಿ ಏನಾದರೊಂದು ತಂದುಬಿಡುತ್ತಿದ್ದಳು.

ಪಕ್ಕದ ಮನೆಯವಳು ಒಮ್ಮೆ ಕಟ್ಟೆಯ ಮೇಲೆ ಕೂತು, “ಏನ್ ವೈನಿ, ದಾದಾ ಬುಧವಾರ ಬಂದ್ರ ಮದುವಿ ಗಂಡಿನಂಗ ತಯಾರಾಗ್ತಾರಲ್ಲ,” ಅಂತ ಚುಚ್ಚಿದಳು.

“ಆಗಲಿ ಬಿಡ. ಆ ಪೋಸ್ಟಿನ ಬಾಯಿ ಠಸ್ಸೆ ಹೊಡದು ಕಳಸ್ತಾಳ,” ಅಂದಳು ಶಾಲನ್. ನಕ್ಕಳು ಕೂಡ. ಒಳಗೆ ಹೋಗಿ ಪಾತ್ರೆಗಳನ್ನು ಎಷ್ಟು ಜೋರಾಗಿ ತಿಕ್ಕಿದಳೆಂದರೆ ಕೈಯ ಬಳೆಯೇ ಒಡೆಯಿತು.

ಉರಿಗೆ ಇನ್ನಷ್ಟು ಎಣ್ಣೆ ಬಿದ್ದದ್ದು ಖೀರಿನಿಂದ. ಯಾರದೋ ಹುಟ್ಟುಹಬ್ಬವೆಂದು ಲೀಲಾಬಾಯಿಯ ಸೊಸೆ ಒಂದು ಡಬ್ಬಿ ರವೆಯ ಖೀರು ಕೊಟ್ಟುಹೋಗಿದ್ದಳು. ಮುಗ್ಧಾ ಚಮಚ ಅದ್ದಿ ಓರೆಮಾಡಿ ನೋಡಿ, ದಪ್ಪ ಸರಿಯಾಗಿದೆ, ಕೊಡಬಹುದು ಅಂದಳು. ರಂಗರಾವ್ ಗದ್ದ ಇಳಿಸಿ, ಎರಡು ಸಲ ನುಂಗಿ, ಬಟ್ಟಲು ಖಾಲಿ ಮಾಡಿ, ಮೀಸೆ ಒರೆಸಿಕೊಂಡ.

“ಭಲೇ,” ಅಂದ.

ಸಾವಿರ ಸಲ ಅವನು ಆಡಿದ ಶಬ್ದವೇ ಅದು, ಸೊಳ್ಳೆಗೂ ಅಂದದ್ದೇ. ಆದರೂ ಆ ಮೀಸೆ ಒರೆಸಿಕೊಂಡ ಭಲೇ ತನ್ನ ರಸ್ಸಾದ್ದು ಅಂತ ಶಾಲನ್‌ಗೆ ಗೊತ್ತಿತ್ತು. ತವರಿನಿಂದ ತಂದ ಒಡವೆಯನ್ನು ಇನ್ನೊಬ್ಬಳ ಕೊರಳಲ್ಲಿ ನೋಡಿದಂತಾಯಿತು ಅವಳಿಗೆ.

ಅದಾದ ಮುಂದಿನ ವಾರ ಒಡಪಿನ ಪ್ರಸಂಗ ನಡೆಯಿತು. ಬಾಯಿಪಾಠವಾದದ್ದು, ತಾಳಕ್ಕೆ ಕೂತದ್ದು ತಲೆಯ ಬೇರೆಯೇ ಮೂಲೆಯಲ್ಲಿರುತ್ತದಂತೆ. ಮಾತು ಬಾರದವರೂ ಆರತಿಯ ಹಾಡು ಹೇಳುತ್ತಾರಂತೆ. ಹಾಗಾಗಿ ಮುಗ್ಧಾ, ಇವತ್ತು ಎಲ್ಲರೂ ಮದುವೆಯಲ್ಲಿ ಹೇಳಿದ ಒಡಪು ಹೇಳಿ, ಗಂಡನದೋ ಹೆಂಡತಿಯದೋ ಹೆಸರು ತಗೊಳ್ಳಿ ಅಂದಳು. ಲೀಲಾಬಾಯಿ ತೀರಿಹೋದ ಗಂಡನ ಹೆಸರನ್ನು ಒಡಪಿನಲ್ಲಿ ಹಾಕಿ ತಪ್ಪಿಲ್ಲದೆ ಹೇಳಿ, ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ರಂಗರಾವ್‌ನ ಸರದಿ. ಶಾಲನ್ ಬೆಂಚಿನಿಂದ ಎದ್ದುಬಂದು ಅವನ ಎದುರೇ ನಿಂತಳು. ಮಂಟಪದಲ್ಲಿ ಅಷ್ಟು ಜನರ ಮುಂದೆ, ತಾಲೀಮಿನ ಗೆಳೆಯರು ಸಿಳ್ಳು ಹಾಕುತ್ತಿದ್ದಾಗ ಅವನು ಸ್ವಂತ ಕಟ್ಟಿ ಹೇಳಿದ ಒಡಪು ಅದು. ಅವಳಿಗೆ ಅದು ಹೆಸರಿನಷ್ಟೇ ನೆನಪಿತ್ತು.

“ಅಖಾಡದ ಕೆಂಪು ಮಣ್ಣ… ಹಣೀಗೆ ಹಚ್ಚೀನಿ,” ಅಂದ ರಂಗರಾವ್. ಎಲ್ಲರೂ ಉಸಿರು ಹಿಡಿದರು. ಅವನು ಅಲ್ಲಿಗೇ ನಿಂತ. ತುಟಿ ಅದುರಿತು.

“ಶಾಲನ್. ಶಾಲನ್ ಅನ್ರಿ,” ಅಂದಳು ಶಾಲನ್.

ಮುಗ್ಧಾ ಕೈ ಅಡ್ಡ ಮಾಡಿ, “ಕಾಕು, ತಡೀರಿ,” ಅಂದಳು.

ತಡೆಯುವುದು ಹೇಗೆ? ತನ್ನದೇ ಹೆಸರು ಅವನ ಹಲ್ಲಿನ ಹಿಂದೆ ಸಿಕ್ಕಿಕೊಂಡಿರುವಾಗ? “ಶಾ… ಶಾ ಅನ್ರೀ, ಶಾಲನ್,” ಅಂತ ಅವಳು ಮತ್ತೆ ಮತ್ತೆ ತಿವಿದಳು. ತಿವಿದಷ್ಟೂ ರಂಗರಾವ್ ಬೆವರಿದ, ಕಣ್ಣು ಕೆಳಗೆ ಹಾಕಿದ, ‘ಭಲೇ’ ಅಂದ. ಆಗ ಲೀಲಾಬಾಯಿ ಏನೂ ಮಾತಾಡದೆ ಎಡಗೈಯಿಂದ ಮೇಜಿನ ಮೇಲೆ ಮೆಲ್ಲಗೆ ಬಾರಿಸತೊಡಗಿದಳು, ಕುಸ್ತಿಯ ಕಣದಲ್ಲಿ ಹಲಗಿ ಬಾರಿಸುವ ಹಾಗೆ. ರಂಗರಾವ್ ತಲೆ ಎತ್ತಿದ. ಬೆನ್ನು ನೆಟ್ಟಗಾಯಿತು. ಮೈಕಿನ ಮುಂದೆ ನಿಂತವನ ಗತ್ತು ಮುಖಕ್ಕೆ ಬಂತು.

“ಶಾಲನ್‌ಳ ಕೈ ಹಿಡದು ಸೋಲ ಮೆಚ್ಚೀನಿ.”

ಕೋಣೆಯೇ ಹಾರಿಹೋಗುವಂತೆ ಚಪ್ಪಾಳೆ. ಮುಗ್ಧಾಳ ಕಣ್ಣಲ್ಲಿ ನೀರು. ಆದರೆ ಶಾಲನ್ ನೋಡಿದ್ದು ಒಂದನ್ನೇ. ಹೆಸರು ತನ್ನದು, ಕಣ್ಣು ಮಾತ್ರ ಲೀಲಾಬಾಯಿಯ ಮೇಲೆ. ತಾನು ಕೂಗಿ ಕರೆದರೂ ಬಾರದ ತನ್ನ ಹೆಸರು ಇನ್ನೊಬ್ಬಳು ಬೆರಳು ಆಡಿಸಿದರೆ ಓಡಿಬಂತು. ಇದಕ್ಕಿಂತ ಅವನು ಆ ಹೆಂಗಸಿನ ಹೆಸರನ್ನೇ ಹೇಳಿದ್ದರೆ ಜಗಳಕ್ಕಾದರೂ ಒಂದು ದಾರಿ ಇರುತ್ತಿತ್ತು.

ಮುಂದಿನ ಬುಧವಾರ ರಂಗರಾವ್ ಕಪಾಟಿನ ಕಡೆ ಕೈ ತೋರಿಸಿದಾಗ ಶಾಲನ್ ಕ್ಲಾಸಿಗೆ ರಜೆ, ಮುಗ್ಧಾ ಪುಣೆಗೆ ಹೋಗಿದ್ದಾಳೆ ಅಂದಳು. ಸುಳ್ಳು ನಾಲಿಗೆ ಮೇಲೆ ಬೆಣ್ಣೆಯ ಹಾಗೆ ಜಾರಿತು. ಅವನು ಕೈ ಇಳಿಸಿದ. ಕಿಟಕಿಯ ಕಡೆ ಮುಖ ಮಾಡಿ ಕೂತ. ಆ ಬೆನ್ನು ನೋಡಿ ಅವಳಿಗೆ ಪಾಪ ಅನ್ನಿಸಲಿಲ್ಲ, ಇನ್ನಷ್ಟು ಉರಿಯಿತು. ಇಷ್ಟೊಂದು ಬೇಜಾರೇ? ಆ ಹೆಂಗಸಿಲ್ಲದ ಒಂದು ಬುಧವಾರಕ್ಕೆ? ಹಾಗಾದರೆ ನೋಡೋಣ, ಖೀರಿನವಳು ಗೆಲ್ಲುತ್ತಾಳೋ ರಸ್ಸಾದವಳು ಗೆಲ್ಲುತ್ತಾಳೋ ಅಂತ ಚೀಲ ಹಿಡಿದು ಮಟನ್ ತರಲು ಹೊರಟಳು.

ಅಂದು ಅವಳು ಮಾಡಿದ ರಸ್ಸಾದ ಪರಿಮಳ ಓಣಿಯ ತುದಿಯವರೆಗೆ ಹೋಯಿತು. ಪುಡಿಯ ಡಬ್ಬಿ ಒಲೆಯ ಪಕ್ಕದಲ್ಲೇ ಇತ್ತು. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ. ಇಷ್ಟು ತೆಳ್ಳಗಿರುವುದು, ಹಲ್ಲಿಗೂ ಕೆಲಸವಿಲ್ಲ, ಗಂಟಲಿಗೂ ಕೆಲಸವಿಲ್ಲ, ತಾನಾಗಿ ಇಳಿದುಹೋಗುತ್ತದೆ ಅಂತ ತನಗೇ ಹೇಳಿಕೊಂಡಳು. ಕೊಲ್ಲಾಪುರದ ಯಾವ ತಾಯಿ ಜ್ವರ ಬಂದ ಮಗುವಿಗೆ ತೆಳ್ಳನೆಯ ರಸ್ಸಾ ಕುಡಿಸಿಲ್ಲ? ಬಟ್ಟಲು ಅವನ ತುಟಿಗೆ ಹಿಡಿದಳು. ವಾಸನೆ ಮೂಗಿಗೆ ಹೋದದ್ದೇ ರಂಗರಾವ್‌ನ ಮುಖ ಅರಳಿತು. ಗದ್ದ ಇಳಿಸುವುದು, ಸಣ್ಣ ಗುಟುಕು, ಎಲ್ಲ ಮರೆತು ಅವನು ಹಳೆಯ ರೂಢಿಯಂತೆ ತಲೆ ಮೇಲೆತ್ತಿ ಸೊರ್ರೆಂದು ಕುಡಿದ.

ಕೆಮ್ಮು ಬಂತು. ಅದು ನಿಲ್ಲಲಿಲ್ಲ. ಕಣ್ಣು ಹೊರಗೆ ಬಂದವು, ಮುಖ ನೀಲಿ ತಿರುಗಿತು. ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹುಡುಕಿ ಅವಳ ಸೀರೆಯನ್ನು ಹಿಡಿಯಿತು. ಶಾಲನ್ ಬಟ್ಟಲು ಎಸೆದಳು. ಬೆನ್ನಿಗೆ ಗುದ್ದಿದಳು, ಮುಂದೆ ಬಗ್ಗಿಸಿದಳು, ಓಣಿಯವರನ್ನು ಕೂಗಿದಳು. ಉಸಿರು ಹೇಗೋ ತಿರುಗಿ ಬಂತು. ಆದರೆ ಮರುದಿನ ಜ್ವರ ಏರಿತು, ಎದೆಯಲ್ಲಿ ಗೊರಗೊರ ಶುರುವಾಯಿತು. ಆಸ್ಪತ್ರೆಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಪುಪ್ಪುಸದೊಳಗೆ ಏನೋ ಹೋಗಿದೆ, ನಂಜಾಗಿದೆ, ನಾಲ್ಕು ದಿನ ಹೋಗದೆ ಏನೂ ಹೇಳಲಾಗುವುದಿಲ್ಲ ಅಂದರು.

ನುಂಗುವುದನ್ನು ಪರೀಕ್ಷಿಸಲು ಮುಗ್ಧಾಳನ್ನೇ ಕರೆಸಿದರು. ಅವಳು ಶಾಲನ್‌ಳನ್ನು ಮಂಚದ ಪಕ್ಕಕ್ಕೆ ಕರೆದು, ಏನು ಕೊಟ್ಟಿದ್ದಿರಿ ಅಂತ ಕೇಳಿದಳು. ಶಾಲನ್ ನೆಲ ನೋಡುತ್ತಾ ರಸ್ಸಾ ಅಂದಳು. ತೆಳ್ಳಗೋ ಅಂತ ಮುಗ್ಧಾ ಕೇಳಿದ್ದಕ್ಕೆ, ನಮ್ಮ ಮನೆಯ ರಸ್ಸಾ ತೆಳ್ಳಗೇ ಇರುವುದು ಅಂದಳು. ಆ ಹುಡುಗಿ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

“ರಸ್ಸಾ ಬ್ಯಾಡ ಅಂತ ನಾ ಯಾವಾಗ ಅಂದೀನಿ, ಕಾಕು?” ಅಂದಳು. “ದಪ್ಪ ಮಾಡಿ ಕೊಡ್ರಿ ಅಂದೆ, ಅಷ್ಟ.”

ಜ್ವರ ಇಳಿಯುತ್ತಾ ಬಂದ ದಿನ ಮಧ್ಯಾಹ್ನ ಲೀಲಾಬಾಯಿ ಬಂದಳು. ಸೊಸೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕೆಳಗೆ ಗಾಡಿ ಅಡ್ಡ ನಿಲ್ಲಿಸಿದ್ದೇನೆ ಅಂತ ಇಳಿದುಹೋದಳು. ರಂಗರಾವ್ ನಿದ್ದೆಯಲ್ಲಿದ್ದ. ಮಂಚದ ಈ ಕಡೆ ಶಾಲನ್, ಆ ಕಡೆ ಲೀಲಾಬಾಯಿ. ನಿದ್ದೆಗೆಟ್ಟ ಶಾಲನ್‌ಗೆ ಆ ಒಗೆದ ಸೀರೆ, ಬಾಚಿದ ಬಿಳಿ ಕೂದಲು ನೋಡಿಯೇ ತಲೆ ಕೆಟ್ಟಿತು. ಇವಳಿಂದಲೇ ಆಯಿತು ಎಲ್ಲ. ಇವಳು ಬರದಿದ್ದರೆ ತಾನು ಯಾಕೆ ಹಾಗೆ ಮಾಡುತ್ತಿದ್ದಳು?

“ಯಾಕ ಬಂದ್ರಿ?” ಅಂದಳು. “ಇಲ್ಲೂ ತಾಳಾ ಬಾರಸಾಕೇನು?”

ಲೀಲಾಬಾಯಿಯ ಮುಖ ಕೆಂಪಾಗಲಿಲ್ಲ. ಅವಳು ಬಾಯಿ ತೆರೆದಳು.

“ನಿನಗ…” ಅಂದು ನಿಂತಳು.

ಶಾಲನ್ ಅಭ್ಯಾಸದಂತೆ ಉಳಿದದ್ದನ್ನು ಮುಗಿಸಲು ಬಾಯಿ ತೆರೆದಳು, ಆದರೆ ಏನೂ ಹೊಳೆಯಲಿಲ್ಲ. ನಿನಗೆ ನಾಚಿಕೆ ಇಲ್ಲವೇ? ನಿನಗೆ ಬುದ್ಧಿ ಇಲ್ಲವೇ? ಗಂಡನನ್ನು ಕೊಲ್ಲಲು ಹೊರಟಿದ್ದೆಯಾ? ಯಾವುದನ್ನೂ ಎತ್ತಿ ಅವಳ ಬಾಯಿಗೆ ಕೊಡಲು ಧೈರ್ಯವಾಗಲಿಲ್ಲ. ಹಾಗಾಗಿ ಸುಮ್ಮನೆ ಕೂತಳು. ಲೀಲಾಬಾಯಿಯ ಕತ್ತಿನ ನರ ಉಬ್ಬುವುದನ್ನು, ನಾಲಿಗೆ ಹಲ್ಲಿಗೆ ತಾಗಿ ಹಿಂದೆ ಸರಿಯುವುದನ್ನು ನೋಡಿದಳು. ಶಬ್ದವೊಂದು ಆ ಮುಖದೊಳಗೆ ಎಲ್ಲಿಂದಲೋ ಮೆಟ್ಟಿಲು ಹತ್ತಿ ಬರುತ್ತಿದ್ದುದು ಅವಳಿಗೆ ಕಣ್ಣಾರೆ ಕಂಡಿತು. ಇಷ್ಟು ತಿಂಗಳು ಗಂಡನ ಮುಖವನ್ನು ಇಷ್ಟು ಹೊತ್ತು ನೋಡಿದ್ದೇ ಇಲ್ಲವಲ್ಲ ಅಂತ ಆಗ ಅರಿವಾಯಿತು.

“ನಿನಗ… ಮನಶ್ಯಾ… ಅದಾನ,” ಅಂದಳು ಲೀಲಾಬಾಯಿ. ಮತ್ತೆ ಬಹಳ ಹೊತ್ತು. “ನನಗ… ಗ್ವಾಡಿ.”

ಆಮೇಲೆ ಎಡಗೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, ಶಾಲನ್‌ಳನ್ನೇ ನೋಡುತ್ತಾ, “ಉರಿ,” ಅಂದಳು.

ಅಷ್ಟರಲ್ಲಿ ಸೊಸೆ ಕರೆದುಕೊಂಡು ಹೋಗಲು ಬಂದಳು. ತನ್ನನ್ನು ನೋಡಿ ಹೊಟ್ಟೆಕಿಚ್ಚು ಪಡುವವರೂ ಇದ್ದಾರೆ ಅಂತ ಶಾಲನ್‌ಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಲೀಲಾಬಾಯಿ ಏಳುವಾಗ ಶಾಲನ್ ಕೈ ಹಿಡಿದು ಎಬ್ಬಿಸಿದಳು, ಬಾಗಿಲವರೆಗೂ ಹೋದಳು. ಹಾಗಂತ ಹೊಟ್ಟೆಯ ಬೆಂಕಿ ಪೂರ್ತಿ ಆರಿತು ಅಂತ ನಾನು ಹೇಳಲಾರೆ. ಅಂಥ ಬೆಂಕಿ ಒಂದು ಮಧ್ಯಾಹ್ನಕ್ಕೆ ಆರುವಂಥದ್ದಲ್ಲ.

ರಂಗರಾವ್ ಮನೆಗೆ ಬಂದ. ಕೆಲವು ವಾರ ಕಳೆದು ಮುಗ್ಧಾ ಪರೀಕ್ಷೆ ಮಾಡಿ, ದಪ್ಪ ಪದಾರ್ಥ ಚೆನ್ನಾಗಿ ಇಳಿಯುತ್ತಿದೆ, ಇನ್ನು ಏನು ಬೇಕಾದರೂ ಕೊಡಿ, ಹದ ಮಾತ್ರ ತಪ್ಪಬಾರದು ಅಂದಳು. ಆ ಭಾನುವಾರ ಶಾಲನ್ ಮತ್ತೆ ಬಿಳಿ ರಸ್ಸಾ ಮಾಡಿದಳು. ಒಂದು ಬಟ್ಟಲಿಗೆ ತೆಗೆದಳು. ಪುಡಿಯ ಡಬ್ಬಿ ಕೈಗೆತ್ತಿಕೊಂಡು ಮುಚ್ಚಳ ತೆಗೆದಳು. ಯಾರೂ ನೋಡುತ್ತಿಲ್ಲವಷ್ಟೇ ಅಂತ ಕಿಟಕಿಯ ಬಾಗಿಲು ಎಳೆದಳು. ಪುಡಿ ಕಲಸಿದಳು. ಹರಿಯುತ್ತಿದ್ದ ರಸ್ಸಾ ನಿಂತಿತು, ಗಂಜಿಯ ಹಾಗೆ ಚಮಚಕ್ಕೆ ಅಂಟಿತು. ಅದನ್ನು ನೋಡಲಾರದೆ ಅವಳು ಬಟ್ಟಲಿಗೆ ಸೆರಗು ಮುಚ್ಚಿಕೊಂಡೇ ಹೊರಗೆ ತಂದಳು.

ಅವನನ್ನು ನೆಟ್ಟಗೆ ಕೂರಿಸಿದಳು. ಒಂದು ಚಮಚ ಕೊಟ್ಟಳು. ಗದ್ದ ಇಳಿಯಿತು, ಗಂಟಲು ಏರಿ ಇಳಿಯಿತು, ಇನ್ನೊಮ್ಮೆ ಏರಿ ಇಳಿಯಿತು. ಕೆಮ್ಮಲಿಲ್ಲ. ಅವಳ ಜೀವ ಮತ್ತೆ ಜಾಗಕ್ಕೆ ಬಂತು.

“ಹೆಂಗಾಗೈತ್ರಿ?” ಅಂತ ಕೇಳಿ, ತುಟಿ ಕಚ್ಚಿ ಹಿಡಿದಳು.

ರಂಗರಾವ್ ಬಟ್ಟಲು ನೋಡಿದ. ಅವಳನ್ನು ನೋಡಿದ. ಅವಳು ಇನ್ನೂ ಸುಮ್ಮನಿದ್ದುದು ಅವನಿಗೂ ವಿಚಿತ್ರ ಅನ್ನಿಸಿರಬೇಕು, ಹುಬ್ಬು ಮೇಲೇರಿತು. ಒಳಗೆ ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಬಂತು. ಅವಳು ಏಳಲಿಲ್ಲ.

“ಉ…” ಅಂದ.

ಉಣಿಸು ಅಂತಾನೆ, ಇನ್ನೊಂದು ಚಮಚ ಬೇಕಂತೆ. ಅವಳ ಕೈ ತಾನಾಗಿ ಬಟ್ಟಲಿಗೆ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದಳು. ಹಾಲು ಒಲೆಗೆ ಬಿದ್ದು ಚುಂಯ್ ಅಂದಿತು, ಸುಟ್ಟ ವಾಸನೆ ಬಂತು.

“ಉಪ್ಪ… ಕಡಿಮಿ,” ಅಂದ ರಂಗರಾವ್.

ಶಾಲನ್ ಕೂತಲ್ಲೇ ಕೂತಳು. ಅದು ಕೂಡ್ರಿಯಲ್ಲ, ಚಹಾವಲ್ಲ, ಯಾರಿಗಾದರೂ ಹೇಳಬಹುದಾದ ಮಾತಲ್ಲ. ಪ್ರಪಂಚದಲ್ಲಿ ಒಬ್ಬಳಿಗೆ ಮಾತ್ರ ಹೇಳಬಹುದಾದದ್ದು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ನಿಜ, ಉಪ್ಪು ಕಡಿಮೆ. ಪುಡಿ ಉಪ್ಪನ್ನು ನುಂಗಿತ್ತೋ ಏನೋ ಅಂತ ಒಳಗೆ ಹೋಗಿ ಪಾತ್ರೆಯಲ್ಲಿದ್ದ ತೆಳ್ಳನೆಯದನ್ನೂ ರುಚಿ ನೋಡಿದಳು. ಅದರಲ್ಲೂ ಕಡಿಮೆಯೇ. ಖಾನಾವಳಿಯ ಮೇಜುಗಳ ಮೇಲೆ ಉಪ್ಪಿನ ಬಟ್ಟಲುಗಳು ಯಾಕೆ ಅಷ್ಟು ಬೇಗ ಬರಿದಾಗುತ್ತಿದ್ದವು ಅಂತ ಅವಳು ಎಂದೂ ಯೋಚಿಸಿರಲಿಲ್ಲ.

ಬಂದು ಅವನ ಎದುರು ಕೂತಳು.

“ಮದಲಿಂದನೂ ಕಡಿಮಿನ ಇತ್ತೇನ್ರೀ?”

“ಹೂಂ.”

“ಮತ್ತ ಮೂವತ್ತು ವರ್ಷ ಭಲೇ ಭಲೇ ಅಂದ್ರಲ್ಲ. ಯಾಕ ಹೇಳಲಿಲ್ಲ?”

ಅವಳು ಕಾದಳು. ಈ ಸಲ ಉತ್ತರ ಏನೆಂದು ಹೆದರಿಕೆಯಿತ್ತು. ಅವನ ತುಟಿ ಎಳೆಯಿತು, ಕತ್ತಿನ ನರ ಉಬ್ಬಿತು, ಶಬ್ದ ಮೆಟ್ಟಿಲು ಹತ್ತಿ ಬಂತು, ಒಮ್ಮೆ ಕಾಲು ಜಾರಿತು, ಮತ್ತೆ ಬಂತು.

“ನೀ… ಬಿಡಲಿಲ್ಲ… ಮಾತಾಡಾಕ.”

ಶಾಲನ್‌ಳ ಕಣ್ಣಲ್ಲಿ ನೀರು ತುಂಬಿತು, ಎದೆಯೊಳಗೆ ಚುಚ್ಚಿದ್ದು ಚುಚ್ಚಿಯೇ ಇತ್ತು. ಆದರೂ ಆ ನೋವಿನ ಅಡಿಯಲ್ಲಿ ಒಂದು ಸಣ್ಣ, ನಾಚಿಕೆಗೆಟ್ಟ ಹಿಗ್ಗು ಎದ್ದಿತು. ಇಷ್ಟು ಉದ್ದದ ಮಾತನ್ನು ಅವನು ಲೀಲಾಬಾಯಿಗೆ ಇನ್ನೂ ಹೇಳಿಲ್ಲ. ಅವಳು ಮೂಗು ಒರೆಸಿಕೊಂಡು ಒಳಗೆ ಹೋಗಿ ಉಪ್ಪಿನ ಭರಣಿ ತಂದು ಅವನ ಎಡಗೈಗೆ ಸಿಗುವಂತೆ ಇಟ್ಟಳು.

“ಇನ್ನೇನೇನ ಉಳದೈತಿ, ಹೇಳ್ರಿ,” ಅಂದು ಅವನ ಮುಖ ನೋಡುತ್ತಾ ಕೂತಳು.